ಎರೆ ನೆಲದಲ್ಲಿ ಎರಡು ಕಾರುಗಳು: ಅಂಬಾಸಿಡರ್ ಮತ್ತು ಫಿಯಟ್

ಶ್ರಾವಣ ಮಾಸದಲ್ಲಿ ಉರುಕುಂದಿ ಈರಣ್ಣನ ದರ್ಶನಕ್ಕೆ ಹೋದವರಿಗೆ ಗುಡಿಯ ಸುತ್ತಣ ಬಯಲಿನಲ್ಲಿ ನಿಲ್ಲುವ ವಾಹನಗಳ ಸಾಲು ಹೊಸದಲ್ಲ. ಬಳ್ಳಾರಿ, ಸಿರುಗುಪ್ಪ, ರಾಯಚೂರುಗಳಿಂದ ಬಂದವು, ಆದೋನಿ, ಎಮ್ಮಿಗನೂರು, ಕರ್ನೂಲುಗಳಿಂದ ಬಂದವು, ಎಲ್ಲವೂ ಒಂದೇ ಎರೆ ಹೊಲದಲ್ಲಿ ಒತ್ತಾಗಿ ನಿಂತಿರುತ್ತವೆ. ಇಂದು ಅವುಗಳ ಬಗೆಯನ್ನು ಎಣಿಸಲಾಗದು. ನನ್ನ ಬಾಲ್ಯದಲ್ಲಿ, ಎಂದರೆ ಎಪ್ಪತ್ತರ ದಶಕದಲ್ಲಿ, ಬಂಡಿ, ಟ್ರ್ಯಾಕ್ಟರು, ಬಸ್ಸುಗಳನ್ನು ಬಿಟ್ಟರೆ ಅಲ್ಲಿ ಕಾಣುತ್ತಿದ್ದ ಕಾರುಗಳು ಬಹುಮಟ್ಟಿಗೆ ಎರಡೇ ಬಗೆಯವು. ಗುಂಡಗೆ, ಎತ್ತರವಾಗಿ, ಹೊಟ್ಟೆ ತುಂಬಿದ ಹಸುವಿನಂತೆ ಕಾಣುವ ಅಂಬಾಸಿಡರ್ ಒಂದು. ಹಿಂಬದಿಯ ಎರಡು ಅಂಚುಗಳು ಚೂಪಾಗಿ ಮೇಲೆದ್ದ, ಚೊಕ್ಕನೆಯ ಫಿಯಟ್ ಇನ್ನೊಂದು.

ನಮ್ಮ ಕುಟುಂಬದಲ್ಲಿ ಎರಡೂ ಇದ್ದವು. ಊರಿನಲ್ಲಿ ಬೇಸಾಯ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪನವರದು ಅಂಬಾಸಿಡರ್. ಆದೋನಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ಸೋದರಮಾವನದು ಫಿಯಟ್. ಯಾವುದು ಮೇಲು ಎಂಬ ವಾದ ಪ್ರತಿ ಹಬ್ಬಕ್ಕೂ ಹೋಳಿಗೆಯ ಜೊತೆಗೇ ಬಡಿಸಲ್ಪಡುತ್ತಿತ್ತು. ಅವರಿಬ್ಬರೂ ಈಗಿಲ್ಲ. ದೊಡ್ಡಪ್ಪನವರ ಕೆಂಪು ಬಟ್ಟೆಯ ಉದ್ದನೆಯ ಲೆಕ್ಕದ ಪುಸ್ತಕಗಳು ಮಾತ್ರ ನನ್ನಲ್ಲಿ ಉಳಿದಿವೆ. ಈಚೆಗೆ ಅವನ್ನು ತೆರೆದು ಕುಳಿತಾಗ, ಆ ವಾದಕ್ಕೆ ನಾವು ತಪ್ಪು ಜಾಗದಲ್ಲಿ ಉತ್ತರ ಹುಡುಕುತ್ತಿದ್ದೆವೆಂದು ಅನ್ನಿಸಿತು. ಈ ಲೇಖನ ಅದರ ಫಲ.

ಮೊದಲು ಈ ಕಾರುಗಳ ವಂಶಾವಳಿ. ಅದರಲ್ಲಿ ಕನ್ನಡಿಗರು ಮರೆತಿರುವ ಒಂದು ಪುಟವಿದೆ. ಭಾರತದಲ್ಲಿ ಮೋಟಾರು ಕಾರ್ಖಾನೆಯೊಂದು ಆಗಲೇಬೇಕೆಂದು 1930ರ ದಶಕದಲ್ಲಿ ಪಟ್ಟು ಹಿಡಿದವರಲ್ಲಿ ಅಗ್ರಗಣ್ಯರು ಸರ್ ಎಂ. ವಿಶ್ವೇಶ್ವರಯ್ಯನವರು. ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದು ಯೋಜನೆಯನ್ನೇ ಸಿದ್ಧಪಡಿಸಿದರು. ಕೈಗಾರಿಕೋದ್ಯಮಿ ವಾಲಚಂದ್ ಹೀರಾಚಂದ್ ಅದಕ್ಕೆ ಜೊತೆಯಾದರು. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಕಾರ್ಖಾನೆಗೆ ನೆರವಾಗಲು ಮುಂದೆ ಬಂದಿತು. ಆದರೆ ಯುದ್ಧಕಾಲದ ಬ್ರಿಟಿಷ್ ಸರ್ಕಾರ ಅದಕ್ಕೆ ಒತ್ತಾಸೆ ಕೊಡಲಿಲ್ಲ. ಅದೇ ವಾಲಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದೊಡನೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ವಿಮಾನಕ್ಕೆ ಸಿಕ್ಕ ಒಪ್ಪಿಗೆ ಕಾರಿಗೆ ಸಿಗಲಿಲ್ಲವೆಂಬುದು ವಿಚಿತ್ರವೇ. 1944ರಲ್ಲಿ ವಾಲಚಂದರು ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಕಟ್ಟಿದರು. ಅದರ ಕಾರ್ಖಾನೆ ಬೊಂಬಾಯಿಯ ಕುರ್ಲಾದಲ್ಲಿ ನಿಂತಿತು. ಮೊದಲು ಅಮೆರಿಕದ ಕ್ರೈಸ್ಲರ್ ಕಂಪನಿಯ ಗಾಡಿಗಳನ್ನು ಜೋಡಿಸಿ, ಮುಂದೆ ಇಟಲಿಯ ಫಿಯಟ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಅವರು ತಂದದ್ದೇ ನಮ್ಮ ಮಾವನ ಫಿಯಟ್. ನಮ್ಮ ಮಾವನಿಗೆ ಇದು ತಿಳಿದಿದ್ದರೆ ಹಬ್ಬದ ವಾದದಲ್ಲಿ ವಿಶ್ವೇಶ್ವರಯ್ಯನವರನ್ನೂ ತಮ್ಮ ಕಡೆಗೆ ಕೂರಿಸಿಕೊಳ್ಳುತ್ತಿದ್ದರು.

ಇನ್ನೊಂದು ಬಳ್ಳಿ ಬಿರ್ಲಾ ಮನೆತನದ್ದು. 1942ರಲ್ಲಿ ಗುಜರಾತಿನ ಪೋರ್ಟ್ ಓಖಾದಲ್ಲಿ ಆರಂಭವಾದ ಹಿಂದೂಸ್ತಾನ್ ಮೋಟಾರ್ಸ್ 1948ರಲ್ಲಿ ಕಲಕತ್ತೆಯ ಬಳಿಯ ಉತ್ತರಪಾರಾಕ್ಕೆ ಸ್ಥಳಾಂತರವಾಯಿತು. ಇಂಗ್ಲೆಂಡಿನ ಮಾರಿಸ್ ಕಾರುಗಳು ಅಲ್ಲಿ ಹಿಂದೂಸ್ತಾನ್ ಎಂಬ ಹೆಸರಿನಿಂದ ಹೊರಬಂದವು. ಬಳಿಕ ಲ್ಯಾಂಡ್‌ಮಾಸ್ಟರ್ ಬಂದಿತು. 1957-58ರಲ್ಲಿ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರು ಅಂಬಾಸಿಡರ್ ಎಂಬ ಹೆಸರು ತಳೆಯಿತು. 1959ರಲ್ಲಿ ಅದಕ್ಕೆ 1489 ಸಿಸಿಯ ಹೊಸ ಇಂಜಿನ್ ಸೇರಿತು. ಇಂಗ್ಲೆಂಡಿನಲ್ಲಿ ಆ ಮಾದರಿ ಅದೇ ಹೊತ್ತಿಗೆ ನಿಂತುಹೋಯಿತು. ನಮ್ಮಲ್ಲಿ ಅದು 2014ರವರೆಗೆ ಬಾಳಿತು.

ಫಿಯಟ್ 1100 ನಮ್ಮ ದೇಶಕ್ಕೆ ಬಂದದ್ದು 1954ರಲ್ಲಿ. ಮೊದಲ ಮಾದರಿಗಳ ಮುಂಬಾಗಿಲು ಹಿಂದುಮುಂದಾಗಿ ತೆರೆಯುತ್ತಿತ್ತು. ಆ ದುಂಡು ಮೂತಿಯ ಗಾಡಿಯನ್ನು ಬೊಂಬಾಯಿಯ ಜನ 'ಡುಕ್ಕರ್ ಫಿಯಟ್', ಎಂದರೆ ಹಂದಿ ಫಿಯಟ್ ಎಂದು ಕರೆದರು. 1964ರ ಸುಮಾರಿಗೆ ಬಂದ ಡಿಲೈಟ್ ಎಂಬುದೇ ನಮಗೆಲ್ಲ ಪರಿಚಿತವಾದ ರೂಪ. ಫಿಯಟ್ ಹೆಸರಿನ ಬಳಕೆ ಮುಗಿದ ಮೇಲೆ ಅದೇ ಗಾಡಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರ ಹೊತ್ತಿಗೆ ಪ್ರೀಮಿಯರ್ ಪದ್ಮಿನಿಯಾಯಿತು. ನಮ್ಮ ಕಡೆ ಪದ್ಮಿನಿ ಎಂದವರನ್ನು ನಾನು ಕಾಣೆ. ಕೊನೆಯವರೆಗೂ ಅದು ಫಿಯಟ್ಟೇ.

ಎರಡೇ ಏಕೆ ಎಂದು ಇಂದಿನ ಮಕ್ಕಳು ಕೇಳುವುದುಂಟು. 1949ರಲ್ಲಿ ಸಿದ್ಧ ಕಾರುಗಳ ಆಮದು ನಿಂತಿತು. 1953ರ ಸುಂಕ ಆಯೋಗದ ವರದಿಯ ಬಳಿಕ ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದ ಫೋರ್ಡ್, ಜನರಲ್ ಮೋಟಾರ್ಸ್‌ಗಳು ದೇಶ ಬಿಟ್ಟವು. ಉಳಿದ ಕಾರುಗಳಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಮೂರನೆಯದಾದರೂ ನಮ್ಮ ರಸ್ತೆಗಳಲ್ಲಿ ಅಪರೂಪ. ಹಣ ಕಟ್ಟಿ ವರ್ಷಗಟ್ಟಲೆ ಸರತಿಯಲ್ಲಿ ಕಾಯಬೇಕು. ಫಿಯಟ್ಟಿನ ಸರತಿ ಇನ್ನೂ ಉದ್ದ. ಹೊಸ ಗಾಡಿಗಿಂತ ಬಳಸಿದ ಗಾಡಿಗೆ ಹೆಚ್ಚು ಬೆಲೆ ಬರುತ್ತಿದ್ದ ವಿಪರೀತ ಕಾಲವದು.

ಇಷ್ಟಕ್ಕೂ ನಮ್ಮ ಸೀಮೆಯವರಿಗೆ ಕಾರು ಏಕೆ ಬೇಕಾಯಿತು? 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರುಗಳು ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಆ ದಿನ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಸಿರುಗುಪ್ಪ ಮೊದಲಾದವು ಮೈಸೂರಿಗೆ ಹೋದವು. ಹೆಣ್ಣು ಕೊಟ್ಟ ಮನೆ, ತಂದ ಮನೆಗಳು ಒಂದೇ ಹಗಲಿನಲ್ಲಿ ಬೇರೆ ಬೇರೆ ರಾಜ್ಯಗಳಾದವು. ಅದೇ ಕಾಲಕ್ಕೆ ತುಂಗಭದ್ರೆಗೆ ಅಣೆಕಟ್ಟೆಯಾಯಿತು. ಕೆಳಮಟ್ಟದ ಕಾಲುವೆಯ ನೀರು ಸಿರುಗುಪ್ಪದ ಕಡೆಯಿಂದ ಆದೋನಿಯ ಕಡೆಗೆ ಹರಿದು ಬಂದಿತು. ಹತ್ತಿಯ ಜೊತೆಗೆ ಭತ್ತವೂ ಬೆಳೆದು ಕೈಯಲ್ಲಿ ಒಂದಿಷ್ಟು ಹಣ ಆಡತೊಡಗಿತು. ಜಿಲ್ಲಾ ಕಚೇರಿ ಕರ್ನೂಲಿನಲ್ಲಿ, ನೆಂಟರು ಬಳ್ಳಾರಿಯಲ್ಲಿ, ಮಾರುಕಟ್ಟೆ ಆದೋನಿಯಲ್ಲಿ. ಮೂರು ದಿಕ್ಕಿಗೂ ಓಡಾಡಬೇಕಾದವರಿಗೆ ಸ್ವಂತ ಗಾಡಿ ಅಗತ್ಯವಾಯಿತು. ಕೊಳ್ಳಬಲ್ಲವರು ಊರಿಗೊಬ್ಬರೋ ಇಬ್ಬರೋ ಎಂಬುದು ನಿಜ. ಆದರೆ ಆ ಒಂದು ಗಾಡಿಯಲ್ಲಿ ಊರಿನ ಮದುಮಗನೂ ರೋಗಿಯೂ ಕೋರ್ಟಿಗೆ ಹೋಗುವವನೂ ಪ್ರಯಾಣ ಮಾಡುತ್ತಿದ್ದರು.

ಇನ್ನು ಸಾಮರ್ಥ್ಯದ ಮಾತು. ಪದ್ಮಿನಿಯ ಇಂಜಿನ್ 1089 ಸಿಸಿ, ಬಲ ಸುಮಾರು 40 ಅಶ್ವಶಕ್ತಿ, ತೂಕ ಸುಮಾರು 900 ಕಿಲೋ. ಅಂಬಾಸಿಡರಿನದು 1489 ಸಿಸಿ, ಸುಮಾರು 50 ಅಶ್ವಶಕ್ತಿ, ತೂಕ ಸುಮಾರು 1100 ಕಿಲೋ. ಭಾಗಿಸಿ ನೋಡಿದರೆ ಒಂದು ಟನ್ ತೂಕಕ್ಕೆ ಎರಡಕ್ಕೂ ಹೆಚ್ಚುಕಡಿಮೆ 45 ಅಶ್ವಶಕ್ತಿಯೇ. ವರ್ಷಗಟ್ಟಲೆ ಹೋಳಿಗೆಯ ಮುಂದೆ ನಡೆದ ಜಗಳ ಕಾಗದದ ಮೇಲೆ ಸಮಬಲದಲ್ಲಿ ಮುಗಿಯುತ್ತದೆ!

ರಸ್ತೆಯ ಮೇಲೆ ಹಾಗಲ್ಲ. ಆದೋನಿಯಿಂದ ಬಳ್ಳಾರಿಗೆ ಹೋಗುವ ಟಾರು ರಸ್ತೆಯಲ್ಲಿ ಮಾವನ ಫಿಯಟ್ ಹಗುರಾಗಿ ಓಡುತ್ತಿತ್ತು. ಸ್ಟಿಯರಿಂಗ್ ಮೃದು, ತಿರುವಿನಲ್ಲಿ ನೆಲ ಹಿಡಿದು ನಡೆಯುವ ಗುಣ, ಲೀಟರಿಗೆ ಹನ್ನೆರಡರ ಸುಮಾರು ಕಿಲೋಮೀಟರು. ದೊಡ್ಡಪ್ಪನವರ ಗಾಡಿ ಲೀಟರಿಗೆ ಎಂಟೊಂಬತ್ತು ಕೊಟ್ಟರೆ ಅದೇ ಪುಣ್ಯ. ತಿರುವಿನಲ್ಲಿ ಹಡಗಿನಂತೆ ವಾಲುತ್ತಿತ್ತು. ಎರಡಕ್ಕೂ ನಾಲ್ಕು ಗಾಲಿಗೂ ಡ್ರಮ್ ಬ್ರೇಕು. ನಿಲ್ಲಿಸುವುದರಲ್ಲಿ ಯಾವುದೂ ಶೂರನಲ್ಲ. ಮೊದಲು ಕಾಲು, ಆಮೇಲೆ ದೇವರು ಎನ್ನುತ್ತಿದ್ದರು ಚಾಲಕರು.

ಟಾರು ಮುಗಿದು ಹಳ್ಳಿಯ ದಾರಿ ಹಿಡಿದಾಗ ಲೆಕ್ಕ ಬದಲಾಗುತ್ತಿತ್ತು. ನಮ್ಮದು ಎರೆ ಭೂಮಿ. ಬೇಸಗೆಯಲ್ಲಿ ಅಂಗೈಯಗಲದ ಬಿರುಕು ಬಿಡುವ ಅದು ಮಳೆ ಬಿದ್ದೊಡನೆ ಅಂಟಾಗಿ ಗಾಲಿಯನ್ನು ಕಚ್ಚುತ್ತದೆ. ಬಂಡಿ ಓಡಾಡಿ ಬಿದ್ದ ಗಾಡಿಜಾಡಿನ ನಡುವೆ ಮಣ್ಣು ದಿಬ್ಬವಾಗಿರುತ್ತದೆ. ಅಂಬಾಸಿಡರಿನ ಗಾಲಿ 15 ಅಂಗುಲದ್ದು, ಹೊಟ್ಟೆ ನೆಲದಿಂದ ಮೇಲಿದ್ದು ದಿಬ್ಬವನ್ನು ದಾಟುತ್ತಿತ್ತು. ಫಿಯಟ್ಟಿನದು 14 ಅಂಗುಲ; ಸೈಲೆನ್ಸರು ಉಜ್ಜಿ, ಕಿತ್ತು, ಊರ ಬಾಗಿಲಿಗೆ ಬರುವಷ್ಟರಲ್ಲಿ ಗಾಡಿ ಟ್ರ್ಯಾಕ್ಟರಿನಂತೆ ಗುಡುಗುತ್ತಿತ್ತು. ಒಮ್ಮೆ ಶ್ರಾವಣದ ಸೋಮವಾರ ಉರುಕುಂದದ ದಾರಿಯಲ್ಲಿ ಫಿಯಟ್ ಹೂತುಕೊಂಡಾಗ ಅದನ್ನು ಎಳೆದದ್ದು ಅಂಬಾಸಿಡರಲ್ಲ, ಒಂದು ಜೊತೆ ಎತ್ತು. ಅಂಬಾಸಿಡರ್ ಅದಕ್ಕೂ ಹಿಂದೆ ಹೂತುಕೊಂಡಿತ್ತು. ಎರೆ ಮಣ್ಣು ಯಾರ ಪಕ್ಷವನ್ನೂ ವಹಿಸುವುದಿಲ್ಲ.

ಜನ ಹೇರುವ ವಿಷಯದಲ್ಲಂತೂ ಹೋಲಿಕೆಯೇ ಇಲ್ಲ. ಗೇರು ಸ್ಟಿಯರಿಂಗಿನ ಪಕ್ಕದಲ್ಲೇ ಇದ್ದುದರಿಂದ ಎರಡರಲ್ಲೂ ಮುಂದಿನ ಸೀಟಿನಲ್ಲಿ ಮೂವರು ಕೂರಬಹುದಿತ್ತು. ಅಂಬಾಸಿಡರಿನಲ್ಲಿ ಆ ಮೂವರು ಐವರಾದರೂ ಗಾಡಿ ದೂರುತ್ತಿರಲಿಲ್ಲ. ನನ್ನ ಚಿಕ್ಕಮ್ಮನ ಮದುವೆಗೆ ಹನ್ನೊಂದು ಜನ, ಡಿಕ್ಕಿಯಲ್ಲಿ ಹಂಡೆ, ಪಾತ್ರೆ ಸಹಿತ ಸಿರುಗುಪ್ಪಕ್ಕೆ ಹೋದದ್ದನ್ನು ನಾನೇ ಕಂಡಿದ್ದೇನೆ. ಹನ್ನೊಂದರಲ್ಲಿ ನಾನೂ ಒಬ್ಬ.

ನಿಜವಾದ ವ್ಯತ್ಯಾಸವಿರುವುದು ನಿಗಾವಣೆಯಲ್ಲಿ. ದೊಡ್ಡಪ್ಪನವರ ಪುಸ್ತಕದಲ್ಲಿ ಪೆಟ್ರೋಲಿನ ಪುಟಗಳಿಗಿಂತ ರಿಪೇರಿಯ ಪುಟಗಳು ಹೆಚ್ಚು. ಗ್ರೀಸು, ಬುಷ್ಷು, ಕಿಂಗ್‌ಪಿನ್, ಕಮಾನು ಪಟ್ಟಿ, ಫ್ಯಾನ್ ಬೆಲ್ಟು, ಮತ್ತೆ ಗ್ರೀಸು. ವಾರಕ್ಕೊಂದು ನಮೂದು, ಆದರೆ ಪ್ರತಿಯೊಂದೂ ಚಿಕ್ಕದು. ಮಾವ ಲೆಕ್ಕ ಬರೆದಿಡಲಿಲ್ಲ. ಅವರ ಮನೆಯವರ ನೆನಪಿನಲ್ಲಿ ಉಳಿದಿರುವುದು ಇದಕ್ಕೆ ತಿರುಗುಮುರುಗು. ಫಿಯಟ್ ತಿಂಗಳುಗಟ್ಟಲೆ ಏನನ್ನೂ ಕೇಳುತ್ತಿರಲಿಲ್ಲ. ಕೇಳಿದಾಗ ದೊಡ್ಡ ಮೊತ್ತವನ್ನೇ ಕೇಳುತ್ತಿತ್ತು, ಅದೂ ಆ ದಿನವೇ. ರೇಡಿಯೇಟರು ಕಟ್ಟಿ ಇಂಜಿನ್ ಕುದಿಯಿತೆಂದರೆ ಮುಂದೆ ಒಂದು ಹರದಾರಿಯೂ ಓಡಿಸುವಂತಿಲ್ಲ. ಓಡಿಸಿದರೆ ಹೆಡ್ಡು ಸೊಟ್ಟಗಾಗುತ್ತದೆ.

ಅಂಬಾಸಿಡರಿನ ರೋಗಗಳು ಬೇರೆ ಜಾತಿಯವು. ಬಾಗಿಲು ಕಟಕಟ ಎನ್ನುತ್ತದೆ, ಎನ್ನಲಿ. ಗೇರಿನ ಕಡ್ಡಿಗಳು ಸವೆದು ಸಿಕ್ಕಿಕೊಳ್ಳುತ್ತವೆ. ಬಾನೆಟ್ ಎತ್ತಿ ಕೈಯಿಂದ ಎಳೆದರೆ ಬಿಡುತ್ತದೆ. ಇಂಜಿನ್ ಬೋರಿಗೆ ಬಂದು ಹೊಗೆ ಉಗುಳುತ್ತದೆ; ಆಯಿಲ್ ಹಾಕುತ್ತ ಇನ್ನೊಂದು ವರ್ಷ ತಳ್ಳಬಹುದು. ಆದೋನಿಯಲ್ಲಿ ಎರಡೂ ಗಾಡಿಗಳ ಕೆಲಸ ಮಾಡುತ್ತಿದ್ದ ಹಿರಿಯ ಮೇಸ್ತ್ರಿಯೊಬ್ಬರು ದೊಡ್ಡಪ್ಪನವರಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ಸಾವುಕಾರ್ರೇ, ನಿಮ್ದು ಎತ್ತು, ಅವರ್ದು ಕುದುರೆ. ಎತ್ತಿಗೆ ಬರೀ ಜೋಳದ ಸೊಪ್ಪೆ ಹಾಕಿದ್ರೂ ನಡೀತದ. ಕುದುರೆಗೆ ಹೊತ್ತಿಗೆ ಸರಿಯಾಗಿ ಹುರುಳಿ ಬೇಕ್ರಿ."

ರೈತನ ಕೈಗೆ ಹಣ ಬರುವುದು ವರ್ಷಕ್ಕೊಮ್ಮೆ, ಹತ್ತಿ ಮಾರಿದಾಗ. ವ್ಯಾಪಾರಿಯ ಕೈಯಲ್ಲಿ ದಿನವೂ ಹಣ ಆಡುತ್ತದೆ. ಅಂಬಾಸಿಡರಿನ ರಿಪೇರಿಯನ್ನು ಮುಂದೂಡಬಹುದಿತ್ತು, ಫಿಯಟ್ಟಿನದನ್ನು ಮುಂದೂಡಲಾಗುತ್ತಿರಲಿಲ್ಲ. ದೊಡ್ಡಪ್ಪನವರ ಪುಸ್ತಕದಲ್ಲಿ ದೊಡ್ಡ ಕೆಲಸಗಳೆಲ್ಲ ಸುಗ್ಗಿಯ ತಿಂಗಳುಗಳಲ್ಲೇ ಬರುವುದನ್ನು ಕಂಡಾಗ ನನಗೆ ಇದು ಹೊಳೆಯಿತು. ಇಂಜಿನಿಯರಿಂಗ್ ದೃಷ್ಟಿಯಿಂದ ಫಿಯಟ್ ಉತ್ತಮ ಕಾರೆಂದೇ ನಾನು ತಿಳಿಯುತ್ತೇನೆ. ಆದರೂ ನಮ್ಮ ಹಳ್ಳಿಗಳಲ್ಲಿ ಅಂಬಾಸಿಡರ್ ಗೆದ್ದದ್ದು ಅದು ಸಾಲಗಾರನಿಗೆ ವಾಯಿದೆ ಕೊಡುವ ಗಾಡಿಯಾಗಿದ್ದುದರಿಂದ.

ಬಿಡಿಭಾಗಗಳದೂ ಒಂದು ಭೂಗೋಳವಿತ್ತು. ಸರ್ಕಾರಿ ಕಚೇರಿಗಳೆಲ್ಲ ಅಂಬಾಸಿಡರನ್ನೇ ಬಳಸುತ್ತಿದ್ದುದರಿಂದ ಅದರ ಸಾಮಾನು ಬಳ್ಳಾರಿ, ರಾಯಚೂರು, ಆದೋನಿ ಎಲ್ಲೆಡೆ ದೊರೆಯುತ್ತಿತ್ತು. ಇಲಾಖೆಗಳು ಹಳೆಯ ಗಾಡಿಗಳನ್ನು ಹರಾಜು ಹಾಕಿದಾಗ ಕೊಂಡವರು ನಮ್ಮಂಥ ರೈತರೇ. ದೊಡ್ಡಪ್ಪನವರದೂ ಹರಾಜಿನ ಗಾಡಿಯೇ. ಮಾವನ ದಾರಿ ಬೇರೆ. ಆದೋನಿ ಮದರಾಸು–ಬೊಂಬಾಯಿ ರೈಲು ಮಾರ್ಗದ ಮೇಲಿದೆ. 1871ರಲ್ಲಿ ಎರಡು ಕಡೆಯ ಹಳಿಗಳು ರಾಯಚೂರಿನಲ್ಲಿ ಕೂಡಿದಂದಿನಿಂದ ಇಲ್ಲಿನ ಹತ್ತಿಗೂ ಬೊಂಬಾಯಿಗೂ ನಂಟು. ಮಾವ ಹತ್ತಿಯ ದಲಾಲರಿಗೆ ಕಾಗದ ಬರೆದರೆ ನಾಲ್ಕೈದು ದಿನಗಳಲ್ಲಿ ಫಿಯಟ್ಟಿನ ಸಾಮಾನು ರೈಲು ಪಾರ್ಸಲ್ಲಿನಲ್ಲಿ ಬರುತ್ತಿತ್ತು. ಬೊಂಬಾಯಿಯಲ್ಲಿ ಪರಿಚಯವಿಲ್ಲದವನಿಗೆ ಆ ಕಾರು ಸಾಕುವುದು ಕಷ್ಟವಿತ್ತು.

ಇಷ್ಟು ಹೇಳಿ ಅಂಬಾಸಿಡರಿಗೆ ಹಾರ ಹಾಕಿ ಮುಗಿಸಿದರೆ ಅನ್ಯಾಯವಾಗುತ್ತದೆ. ಮುಂದೂಡಿದ ಕೆಲಸ ಎಲ್ಲಿಗೂ ಹೋಗುವುದಿಲ್ಲ. ಒಂದು ವರ್ಷ ಹತ್ತಿಗೆ ದರ ಸಿಗಲಿಲ್ಲ. ಕಿಂಗ್‌ಪಿನ್ ಸವೆದು ಮುಂದಿನ ಗಾಲಿ ಓಲಾಡುತ್ತಿದ್ದರೂ ಮುಂದಿನ ಪೈರಿಗೆ ನೋಡೋಣವೆಂದು ದೊಡ್ಡಪ್ಪ ಸುಮ್ಮನಾದರು. ಮೇ ತಿಂಗಳಲ್ಲಿ ಗಾಡಿ ಹಟ್ಟಿಯ ಮುಂದೆ ಕಲ್ಲುಗಳ ಮೇಲೆ ನಿಂತಿತು. ಆ ವಾರವೇ ನನ್ನ ಅವ್ವನಿಗೆ ಎಂಟನೆಯ ತಿಂಗಳಲ್ಲಿ ನೋವು ಕಾಣಿಸಿತು. ಬಸ್ಸಿನಲ್ಲಿ ಆಳು ಹೋಗಿ ಹೇಳಿದ ಮೇಲೆ ಮಾವ ಫಿಯಟ್ ತಂದರು. ಆದೋನಿಯ ವೈದ್ಯರು ಬಳ್ಳಾರಿಗೆ ಒಯ್ಯಿರಿ ಎಂದರು. ನಡುಮಧ್ಯಾಹ್ನ. ಆಲೂರು ದಾಟಿದ ಮೇಲೆ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಇದು ಬೇಸಗೆಯ ಪ್ರಸಿದ್ಧ ರೋಗ. ಇಂಜಿನ್ನಿನ ಪಕ್ಕಕ್ಕೆ ಅಂಟಿಕೊಂಡ ಪಂಪು ಪೆಟ್ರೋಲನ್ನು ಎಳೆಯಬೇಕು. ಬಿಸಿಲಿಗೂ ಇಂಜಿನ್ ಶಾಖಕ್ಕೂ ಕೊಳವೆಯೊಳಗಿನ ಪೆಟ್ರೋಲು ಆವಿಯಾದರೆ ಪಂಪು ಗಾಳಿ ಹೀರುತ್ತದೆ, ಕಾರ್ಬುರೇಟರಿಗೆ ಹನಿಯೂ ಬರುವುದಿಲ್ಲ. ಎರಡೂ ಕಾರುಗಳಿಗೆ ಇದು ಬರುತ್ತಿತ್ತು. ಮಾವ ಉಟ್ಟಿದ್ದ ಮಲ್ಲು ಧೋತರದ ಅಂಚನ್ನೇ ಹರಿದು, ಅವ್ವನಿಗೆಂದು ತಂದಿದ್ದ ತಂಬಿಗೆಯ ನೀರಿನಲ್ಲಿ ತೊಯ್ಸಿ ಪಂಪಿಗೆ ಸುತ್ತಿದರು. ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಅವ್ವನ ಕೈ ನನ್ನ ಕೈಯನ್ನು ಹಿಡಿದಿದ್ದ ಬಿಗಿಯನ್ನು ನಾನು ಮರೆತಿಲ್ಲ. ಆಮೇಲೆ ಸೆಲ್ಫ್ ಹೊಡೆದಾಗ ಇಂಜಿನ್ ಎದ್ದಿತು. ನನ್ನ ತಂಗಿ ಹುಟ್ಟಿದ್ದು ಆ ರಾತ್ರಿ, ಬಳ್ಳಾರಿಯಲ್ಲಿ. ಮುಂದಿನ ಹಬ್ಬದಲ್ಲಿ ದೊಡ್ಡಪ್ಪ ಕಾರಿನ ಮಾತೆತ್ತಲಿಲ್ಲ, ಮಾವನೂ ಎತ್ತಲಿಲ್ಲ. ಅದರ ಮರುವರ್ಷ ವಾದ ಮತ್ತೆ ಮೊದಲಾಯಿತು.

1973ರ ಕೊನೆಯಲ್ಲಿ ಜಗತ್ತಿನ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ನಾಲ್ಕು ಪಟ್ಟಾಯಿತು. ಪೆಟ್ರೋಲು ತುಟ್ಟಿಯಾದಾಗ ಫಿಯಟ್ಟಿನ ಮಿತವ್ಯಯಕ್ಕೆ ಬೆಲೆ ಬಂದಿತು. 1980ರ ಆಸುಪಾಸಿಗೆ ಡೀಸೆಲ್ ಅಂಬಾಸಿಡರ್ ಬಂದು ಆ ಲಾಭವನ್ನೂ ಕಸಿದುಕೊಂಡಿತು. ಟ್ರ್ಯಾಕ್ಟರಿಗೆ ತಂದ ಡ್ರಮ್ಮಿನಿಂದಲೇ ಕಾರಿಗೂ ಹಾಕಬಹುದು ಎಂದ ಮೇಲೆ ರೈತನಿಗೆ ಬೇರೆ ಶಿಫಾರಸು ಬೇಕಿರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ ಬಂದಿತು. ನಮ್ಮ ಮೇಸ್ತ್ರಿ ಅದರ ಬಾನೆಟ್ ಎತ್ತಿ ನೋಡಿ, "ಇದರಾಗ ನಮಗ ಕೆಲಸ ಇಲ್ರೀ" ಎಂದು ಮುಚ್ಚಿದರಂತೆ. ಅವರು ಸರಿಯಾಗಿಯೇ ಕಂಡಿದ್ದರು. ಪದ್ಮಿನಿಯ ತಯಾರಿಕೆ 2000ದ ಸುಮಾರಿಗೆ ನಿಂತಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಉಳಿದಿದ್ದವು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಉತ್ತರಪಾರಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಬಾಗಿಲೆಳೆಯಿತು. ಅಂಬಾಸಿಡರ್ ಎಂಬ ಹೆಸರನ್ನು 2017ರಲ್ಲಿ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೋ ಕಂಪನಿ ಕೊಂಡಿತು.

ದೊಡ್ಡಪ್ಪನವರ ಗಾಡಿ ಗುಜರಿಗೆ ಹೋಯಿತು. ಅದರ ಮುಂದಿನ ಸೀಟು ಮಾತ್ರ ನಮ್ಮ ಕಟ್ಟೆಯ ಮೇಲಿದೆ. ಮಾವನ ಫಿಯಟ್ಟನ್ನು, ಯಾರೂ ಊಹಿಸಿರದಂತೆ, ಬಳ್ಳಾರಿಯಲ್ಲಿ ನೆಲೆಸಿರುವ ನನ್ನ ತಂಗಿ ಕೇಳಿ ತೆಗೆದುಕೊಂಡಳು. ಹನ್ನೆರಡು ತಿಂಗಳಿಗೆ ಮೀರಿ ಬೇರೆ ರಾಜ್ಯದಲ್ಲಿ ಇಡುವ ಗಾಡಿಗೆ ಅಲ್ಲಿನ ನೋಂದಣಿ ಬೇಕು, ಮೊದಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಎಪ್ಪತ್ತರ ದಶಕದ ರಿಜಿಸ್ಟರು ಒಂದು ಕಚೇರಿಯಲ್ಲಿ ಹುಡುಕಿದರೂ ಸಿಗದೆ ಎರಡು ವರ್ಷ ಓಡಾಡಿದಳು. 1953ರ ಗಡಿರೇಖೆ ಹಳೆಯ ಕಾರಿನ ಕಾಗದದಲ್ಲಿಯೂ ಹಾದುಹೋಗುತ್ತದೆಂದು ನಮಗೆ ಆಗ ತಿಳಿಯಿತು. 2022ರ ಏಪ್ರಿಲ್‌ನಲ್ಲಿ ಹದಿನೈದು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೇರಿತು. 50 ವರ್ಷ ದಾಟಿದ್ದನ್ನು ವಿಂಟೇಜ್ ವಾಹನವೆಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಆದರೆ ಹಾಗೆ ನೋಂದಾಯಿಸಿದರೆ ದಿನನಿತ್ಯ ಓಡಿಸುವಂತಿಲ್ಲ. ತಂಗಿ ಅದನ್ನು ಒಪ್ಪಲಿಲ್ಲ. ಓಡದ ಗಾಡಿಯನ್ನು ಇಟ್ಟುಕೊಂಡು ಏನು ಮಾಡಲಿ ಎಂದಳು.

ಕಳೆದ ಶ್ರಾವಣದಲ್ಲಿ ಅವಳೇ ಓಡಿಸಿಕೊಂಡು ಬಂದಳು. ಮೋಡ ಕವಿದಿತ್ತು, ಬಿಸಿಲಿರಲಿಲ್ಲ. ಗುಡಿಯ ಬಯಲಿನಲ್ಲಿ ನಿಲ್ಲಿಸಿ, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ತೆಂಗಿನಕಾಯಿ ಒಡೆಯುವ ಮೊದಲು ಬಾನೆಟ್ ಎತ್ತಿದಳು. ಪಂಪಿನ ಮೇಲೆ ಮಡಿಸಿದ ಒದ್ದೆ ಬಟ್ಟೆಯೊಂದಿತ್ತು. ಈ ಮಳೆಗಾಲದಲ್ಲಿ ಇದೇಕೆ ಎಂದು ಕೇಳಿದೆ. "ಇರಲಿ ಬಿಡಣ್ಣ," ಎಂದು ಅದನ್ನು ಇನ್ನಷ್ಟು ಒತ್ತಿ ಸರಿಪಡಿಸಿದಳು.